ಬೆಳಿಗ್ಗೆ ಎಂಟಕ್ಕೆ ಫೋನು, ಸಂಜೆ ಏಳಕ್ಕೆ ಡಿಸ್ಚಾರ್ಜು

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಅನ್ನು 2018ರಿಂದ ಬಳಸುತ್ತಿದ್ದೇನೆ. ಮೈಸೂರಿನ ಖಾಸಗಿ ಆಸ್ಪತ್ರೆಗಳ ಸಹವಾಸ ಅಪ್ಪ ಅಮ್ಮನಿಂದಾಗಿ ಅದಕ್ಕಿಂತ ಹಳೆಯದು. ಎರಡರ ಬಗ್ಗೆಯೂ ವಾಟ್ಸಾಪ್‌ನಲ್ಲಿ ಬೇಕಾದಷ್ಟು ಪುರಾಣ ಓಡಾಡುತ್ತದೆ. ಒಬ್ಬರು "ಅಲ್ಲಿ ಎಲ್ಲಾ ಫ್ರೀ" ಅಂತಾರೆ, ಇನ್ನೊಬ್ಬರು "ಸಾಯೋತನಕ ಕಾಯಿಸ್ತಾರೆ" ಅಂತಾರೆ. ನನ್ನ ತಕರಾರು ಬೇರೆ. ಬೆಳಿಗ್ಗೆ ಎಂಟು ಗಂಟೆಯ ಫೋನು.

ಇಲ್ಲಿ ತುರ್ತಲ್ಲದ್ದು ಏನೇ ಆದರೂ ಮೊದಲು ಹೋಗಬೇಕಾದ್ದು ನಾವು ಹೆಸರು ನೋಂದಾಯಿಸಿದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ ಹತ್ತಿರ. ಕಿವಿ ನೋವಿಗೆ ಸೀದಾ ಇಎನ್‌ಟಿ, ಮಂಡಿ ನೋವಿಗೆ ಸೀದಾ ಆರ್ಥೋ ಅಂತ ಹೋಗುವ ಹಾಗಿಲ್ಲ. ನಮ್ಮ ಜಿಪಿಯಲ್ಲಿ ಆ ದಿನದ ಅಪಾಯಿಂಟ್‌ಮೆಂಟುಗಳು ಎಂಟಕ್ಕೆ ಸರಿಯಾಗಿ ತೆರೆಯುತ್ತವೆ. ತತ್ಕಾಲ್ ಟಿಕೆಟ್ ಬುಕ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಇದಕ್ಕೊಂದು ಕ್ರಮವೇ ಆಗಿಹೋಗಿದೆ. ಏಳೂ ಮುಕ್ಕಾಲಿಗೆ ಡಿಕಾಕ್ಷನ್ ಇಳಿದಿರಬೇಕು. ನನ್ನ ಫೋನು, ನಮ್ಮೆಜಮಾನರ ಫೋನು, ಎರಡೂ ಚಾರ್ಜ್ ಆಗಿರಬೇಕು. ಅರ್ಧ ನಿಮಿಷ ಬೇಗ ಮಾಡಿದರೆ "ನಾವಿನ್ನೂ ತೆರೆದಿಲ್ಲ" ಅಂತ ರೆಕಾರ್ಡ್ ಆದ ದನಿ ಹೇಳಿ ಕಟ್ ಆಗುತ್ತದೆ. ಅರ್ಧ ನಿಮಿಷ ತಡವಾದರೆ ಸಾಲಿನಲ್ಲಿ ಹದಿನೆಂಟನೆಯವರು. ಸ್ಪೀಕರ್ ಹಾಕಿ ಫೋನನ್ನು ಒಲೆ ಪಕ್ಕ ಇಟ್ಟು, ಮಗಳ ಎರಡು ಜಡೆ ಹೆಣೆದು, ಟಿಫನ್ ಡಬ್ಬಿಗೆ ಚಪಾತಿ ಸುತ್ತುತ್ತೇನೆ. ಅದೇ ಹಳೇ ಪಿಯಾನೋ ಸಂಗೀತ. ಹದಿನಾಲ್ಕು. ಒಂಬತ್ತು. ಮೂರು. ಒಂದಕ್ಕೆ ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದು ಸುಮ್ಮನಾಗುತ್ತೇವೆ. ಆಗ ರಿಸೆಪ್ಷನಿಸ್ಟ್ ಬಂದು, ಬಲು ನಯವಾಗಿ, "ಇವತ್ತಿನದು ಮುಗಿದಿದೆ, ನಾಳೆ ಎಂಟಕ್ಕೆ ಮಾಡಿ" ಅನ್ನುತ್ತಾಳೆ. ನಯವಾಗಿ ಹೇಳುವುದರಿಂದ ಸಿಟ್ಟು ಇನ್ನೂ ಜಾಸ್ತಿ ಬರುತ್ತದೆ. ಜಗಳ ಆಡುವುದಕ್ಕೂ ಅವಕಾಶ ಇಲ್ಲ ನೋಡಿ.

ಸಿಕ್ಕಿದರೆ ಹತ್ತು ನಿಮಿಷದ ಭೇಟಿ. ಮೂರು ದಿನದ ಜ್ವರಕ್ಕೆ ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ. ಅಮ್ಮ ಇಲ್ಲಿಗೆ ಬಂದಿದ್ದಾಗ ಜೊತೆಗೆ ಬಂದು ಕೂತಿದ್ದರು. ಹೊರಗೆ ಬಂದವರೇ, "ಅಲ್ಲಾ ಪುಟ್ಟಿ, ಒಂದು ಇಂಜೆಕ್ಷನ್ನೂ ಕೊಡಲ್ವಾ? ಇಷ್ಟಕ್ಕೆ ಆ ಪಾಟಿ ಫೋನ್ ಮಾಡಿದ್ಯಾ?" ಅಂದರು. ಜ್ವರದ ವಿಷಯದಲ್ಲಿ ನಾನು ಡಾಕ್ಟರ ಕಡೆಗೇ. ಸುಮ್ಸುಮ್ನೆ ಆಂಟಿಬಯೋಟಿಕ್ ಬರೆಯದೆ ಇರುವುದು ಒಳ್ಳೆಯದೇ. ಫೋನಿನ ವಿಷಯದಲ್ಲಿ ಅಮ್ಮನ ಕಡೆ.

ಇನ್ನು "ಫ್ರೀ" ಅನ್ನುವ ಮಾತು. ವೀಸಾ ಮೇಲೆ ಇಲ್ಲಿ ಇರಲು ಬರುವವರಲ್ಲಿ ಹೆಚ್ಚಿನವರು ಹೆಲ್ತ್ ಸರ್‌ಚಾರ್ಜ್ ಕಟ್ಟಬೇಕು. ನಾವು ಬಂದಾಗ ತಲೆಗೆ ವರ್ಷಕ್ಕೆ 200 ಪೌಂಡ್ ಇತ್ತು. ಆಮೇಲೆ 400 ಆಯಿತು, 624 ಆಯಿತು. 2024ರ ಫೆಬ್ರವರಿಯಿಂದ ದೊಡ್ಡವರಿಗೆ 1,035, ಮಕ್ಕಳಿಗೆ 776. ಅಂದರೆ ಒಬ್ಬ ದೊಡ್ಡವರಿಗೆ ವರ್ಷಕ್ಕೆ ಲಕ್ಷ ರೂಪಾಯಿಗಿಂತ ಮೇಲೆ. ಅದೂ ವೀಸಾ ಎಷ್ಟು ವರ್ಷಕ್ಕೋ ಅಷ್ಟೂ ವರ್ಷದ್ದು ಒಟ್ಟಿಗೆ, ಅರ್ಜಿ ಹಾಕುವಾಗಲೇ. ಕೆಲಸಕ್ಕೆ ಸೇರಿದ ಮೇಲೆ ಇಲ್ಲಿಯವರ ಹಾಗೆ ಟ್ಯಾಕ್ಸು, ಸಂಬಳದಲ್ಲೇ ಮುರಿದುಕೊಳ್ಳುವ ನ್ಯಾಷನಲ್ ಇನ್ಶೂರೆನ್ಸು ಬೇರೆ. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಯ ಒಂದೊಂದು ಔಷಧಿಗೆ 9.90 ಪೌಂಡ್. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಅದೂ ಇಲ್ಲ. ಹಾಗಾಗಿ ನಾನು ಇದನ್ನು ದುಡ್ಡು ಕೊಟ್ಟು ಕೊಂಡ ವಸ್ತುವಿನ ಹಾಗೇ ನೋಡುತ್ತೇನೆ. ಋಣದ ಭಾರ ಏನೂ ಇಲ್ಲ.

ಇಷ್ಟೇ ಆಗಿದ್ದರೆ ಒಂದು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ಮಗಳಿಗೆ ಉಬ್ಬಸ ಶುರುವಾದ ಮೇಲೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಮೊದಲ ಸಲ ಜೋರಾಗಿ ಬಂದಾಗ ನಡುರಾತ್ರಿ. ಎಮರ್ಜೆನ್ಸಿಗೆ ಎತ್ತಿಕೊಂಡು ಓಡಿದೆವು. ಬಾಗಿಲಲ್ಲಿದ್ದ ನರ್ಸ್ ಮಗುವಿನ ಪಕ್ಕೆ ಒಳಗೆ ಎಳೆಯುತ್ತಿದ್ದದ್ದನ್ನು ನೋಡಿದಳು, ಸಾಲು ಗೀಲು ಅನ್ನದೆ ಒಳಗೆ ಕರೆದುಕೊಂಡಳು. ಹೆಸರು, ಹುಟ್ಟಿದ ದಿನ ಕೇಳಿದ್ದು ಆಕ್ಸಿಜನ್ ಹಾಕಿದ ಮೇಲೆ. ಪಕ್ಕದಲ್ಲಿ ಬೆರಳು ಕುಯ್ದುಕೊಂಡ ಒಬ್ಬರು ನಮಗಿಂತ ಮುಂಚೆ ಬಂದು ಇನ್ನೂ ಕೂತೇ ಇದ್ದರು. ಎಮರ್ಜೆನ್ಸಿಗೆ ಬಂದವರನ್ನು ನಾಲ್ಕು ಗಂಟೆಯೊಳಗೆ ನೋಡಿ, ಮನೆಗೋ ವಾರ್ಡಿಗೋ ಕಳಿಸಬೇಕು ಅಂತ ಗುರಿ ಇದೆ, ಹೆಚ್ಚಿನ ಕಡೆ ಅದು ಬರೀ ಗುರಿಯಾಗಿಯೇ ಉಳಿದಿದೆ. ಆದರೆ ಯಾರನ್ನು ಕಾಯಿಸಬಾರದು ಅನ್ನುವುದು ಆ ನರ್ಸಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಹಿಡಿಸಿದ್ದು ಆ ರಾತ್ರಿಗಿಂತ ಹೆಚ್ಚಾಗಿ ಅದರ ಆಮೇಲಿನದ್ದು. ಜಿಪಿಯ ಆಸ್ತಮಾ ನರ್ಸಿನಿಂದ ಅವರಾಗಿಯೇ ಕರೆ ಬಂತು. ಎಂಟು ಗಂಟೆಯ ಫೋನು ಬೇಕಾಗಲಿಲ್ಲ! ಆಕೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಇನ್‌ಹೇಲರ್ ಹಿಡಿಯುವುದನ್ನು ಕಲಿಸಿದಳು. ನೀಲಿ ಬಣ್ಣದ್ದು ಉಸಿರು ಕಟ್ಟಿದಾಗ. ಕಂದು ಬಣ್ಣದ್ದು ದಿನಾ, ಚೆನ್ನಾಗಿದ್ದಾಗಲೂ. ಇನ್‌ಹೇಲರನ್ನು ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ ನಿಧಾನವಾಗಿ ಉಸಿರೆಳೆಯಬೇಕು. ಜೋರಾಗಿ ಎಳೆದರೆ ಅದು ಪೀಪಿಯ ಹಾಗೆ ಸದ್ದು ಮಾಡುತ್ತದೆ. ಮಗಳು ಪೀಪಿ ಊದಿಸಲೆಂದೇ ಜೋರಾಗಿ ಎಳೆಯುತ್ತಿದ್ದಳು, ಆ ಮಾತು ಬೇರೆ. ತಿಂಗಳಿಗೊಮ್ಮೆ ಸ್ಪೇಸರನ್ನು ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸದೆ ಹಾಗೇ ಆರಲು ಬಿಡಬೇಕು. ಒರೆಸಿದರೆ ಒಳಗೋಡೆಗೆ ಔಷಧಿ ಅಂಟಿಕೊಳ್ಳುತ್ತದಂತೆ. ಈಗ ನಮ್ಮ ಪಾತ್ರೆ ಸ್ಟ್ಯಾಂಡಿನಲ್ಲಿ ಲೋಟಗಳ ಪಕ್ಕ ಅದಕ್ಕೂ ಒಂದು ಜಾಗ ಇದೆ. ಕಂದು ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಬೇಕು. ಹಲ್ಲುಜ್ಜುವ ಮುಂಚೆ ತೆಗೆದುಕೊಂಡರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತದೆ. ಯಾವಾಗ ಗಾಬರಿಯಾಗಬೇಕು, ಯಾವಾಗ ಬೇಡ ಅಂತ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಬರೆದ ಒಂದು ಹಾಳೆ ಫ್ರಿಜ್ ಮೇಲಿದೆ. ಅದರದೇ ಒಂದು ಪ್ರತಿ ಶಾಲೆಯಲ್ಲಿದೆ. ವರ್ಷಕ್ಕೊಮ್ಮೆ ತಪಾಸಣೆಗೆ ಬನ್ನಿ ಅಂತ ಮೆಸೇಜ್ ಬರುತ್ತದೆ. ಹದಿನಾರರೊಳಗಿನ ಮಕ್ಕಳಿಗೆ ಔಷಧಿಗೆ ದುಡ್ಡಿಲ್ಲ.

ಅದೇ ಇನ್‌ಹೇಲರ್ ಮೈಸೂರಿನ ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ "ಮಗು ಹೇಗಿದೆ, ಸರಿಯಾಗಿ ಎಳೀತಾಳಾ" ಅಂತ ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಹಾಗೆ ಕೇಳುವುದು ಯಾರ ಕೆಲಸವೂ ಅಲ್ಲ ಅಲ್ಲಿ.

ಇಲ್ಲಿಗೆ ಮೂಡು ಚೆನ್ನಾಗಿತ್ತು. ಆಮೇಲೆ ನನಗೆ ಗಾಲ್ ಬ್ಲ್ಯಾಡರಿನಲ್ಲಿ ಕಲ್ಲು ಕಾಣಿಸಿಕೊಂಡಿತು.

ಇಂಗ್ಲೆಂಡಿನಲ್ಲಿ ಜಿಪಿ ಬರೆದುಕೊಟ್ಟ ದಿನದಿಂದ 18 ವಾರದೊಳಗೆ ಆಸ್ಪತ್ರೆಯ ಚಿಕಿತ್ಸೆ ಶುರುವಾಗಬೇಕು ಅಂತ ನಿಯಮ. ನೂರಕ್ಕೆ 92 ಜನಕ್ಕಾದರೂ ಇದು ಆಗಬೇಕು. 2016ರಿಂದೀಚೆಗೆ ಆ ಗುರಿ ಮುಟ್ಟಿಯೇ ಇಲ್ಲ. ಸಾಲಿನಲ್ಲಿರುವ ಕೇಸುಗಳು 70 ಲಕ್ಷದ ಮೇಲಿವೆ. ಸ್ಕ್ಯಾನ್‌ಗೆ ವಾರಗಟ್ಟಲೆ, ಸರ್ಜನ್ ನೋಡಲು ತಿಂಗಳುಗಟ್ಟಲೆ. "ಅಲ್ಲಿಯವರೆಗೆ ಎಣ್ಣೆ ಪದಾರ್ಥ ಬಿಡಿ" ಅಂತ ಪತ್ರ. ಬಜ್ಜಿ ಬಿಟ್ಟೆ, ಪೂರಿ ಬಿಟ್ಟೆ, ಕೊನೆಗೆ ಚಟ್ನಿಗೆ ಒಗ್ಗರಣೆಯನ್ನೂ ಬಿಟ್ಟೆ. ಒಗ್ಗರಣೆ ಇಲ್ಲದ ಚಟ್ನಿ ತಿಂದವರಿಗೆ ಗೊತ್ತು ಅದರ ಕಷ್ಟ.

ಅದರ ಮಧ್ಯೆ ರಜೆಗೆ ಮೈಸೂರಿಗೆ ಹೋದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಡಯಾಗ್ನೋಸ್ಟಿಕ್ ಸೆಂಟರಿಗೆ ಹೋದರೆ ಮಧ್ಯಾಹ್ನಕ್ಕೆ ರಿಪೋರ್ಟ್ ಕೈಯಲ್ಲಿ. ಸಂಜೆ ಸರ್ಜನ್ ನೋಡಿ, "ನಾಡಿದ್ದು ಬಂದು ಅಡ್ಮಿಟ್ ಆಗಿ" ಅಂದುಬಿಟ್ಟರು. ಆಗಿಯೇಬಿಡುತ್ತಿದ್ದೆ. ಆದರೆ ಆ ವಾರವೇ ಅಪ್ಪನಿಗೆ ಎದೆನೋವು ಬಂತು.

ಆ ರಾತ್ರಿಯ ಮಟ್ಟಿಗೆ ಆ ಖಾಸಗಿ ಆಸ್ಪತ್ರೆಗೆ ಐದಕ್ಕೆ ಐದು. ಒಳಗೆ ಹೋದ ತಕ್ಷಣ ಇಸಿಜಿ, ಕಾರ್ಡಿಯಾಲಜಿಸ್ಟ್ ಮನೆಯಿಂದ ಓಡಿ ಬಂದರು, ನಡುರಾತ್ರಿಯೊಳಗೆ ಸ್ಟೆಂಟ್ ಹಾಕಿ ಮುಗಿದಿತ್ತು. ಅಡ್ವಾನ್ಸ್ ಕಟ್ಟಿಸಿಕೊಂಡರು, ಕಟ್ಟಿದೆವು. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿದ ಮೇಲೆ, ಮೊದಲು ಲಕ್ಷದ ಮೇಲಿದ್ದದ್ದು ಸುಮಾರು ಮೂವತ್ತು ಸಾವಿರಕ್ಕೆ ಇಳಿಯಿತು. ಹಾಗಾಗಿ ಸ್ಟೆಂಟಿನ ಸಾಲು ನೋಡಿ ಎದೆ ಒಡೆಯಲಿಲ್ಲ. ಬಿಲ್ಲಿನ ಉಳಿದ ಸಾಲುಗಳು ಅದಕ್ಕೆಂದೇ ಇದ್ದವು.

ಡಿಸ್ಚಾರ್ಜ್ ದಿನ ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೆ ರೌಂಡ್ಸಿಗೆ ಬಂದು "ಮನೆಗೆ ಹೋಗಬಹುದು" ಅಂದರು. ಅಪ್ಪ ಹತ್ತಕ್ಕೆಲ್ಲಾ ಪ್ಯಾಂಟು ಶರ್ಟು ಹಾಕಿ, ವಾಚು ಕಟ್ಟಿ, ಮಂಚದ ತುದಿಯಲ್ಲಿ ಕೂತರು. ಹನ್ನೊಂದಾಯಿತು, ಹನ್ನೆರಡಾಯಿತು. ಕೆಳಗೆ ಇನ್ಶೂರೆನ್ಸ್ ಡೆಸ್ಕಿನಲ್ಲಿ, "ಫೈನಲ್ ಅಪ್ರೂವಲ್ ಬಂದಿಲ್ಲ ಮೇಡಂ." ಎರಡಕ್ಕೆ, "ಕ್ವೆರಿ ಬಂದಿದೆ ಮೇಡಂ. ಬಿಪಿ ಎಷ್ಟು ವರ್ಷದಿಂದ ಇದೆ ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ." ಡಾಕ್ಟರು ಒಪಿಡಿಯಲ್ಲಿ. ಬರೆಸಿಕೊಂಡು ಬಂದರೆ ಸೀಲು ಇಲ್ಲ. ಸೀಲು ಹಾಕುವವರು ಊಟಕ್ಕೆ. ವಿಮಾ ಪ್ರಾಧಿಕಾರ 2024ರಲ್ಲೇ ಆದೇಶ ಹೊರಡಿಸಿದೆ: ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ ಉತ್ತರ ಬರಬೇಕು, ಡಿಸ್ಚಾರ್ಜಿಗೆ ಮೂರು ಗಂಟೆಯಲ್ಲಿ. ತಡವಾಗಿ ಆಸ್ಪತ್ರೆ ಹೆಚ್ಚಿಗೆ ಹಾಕಿದರೆ ಆ ದುಡ್ಡು ವಿಮಾ ಕಂಪನಿಯೇ ಕೊಡಬೇಕು. ನಾನು ಆ ಆದೇಶ ತೋರಿಸಿದೆ. ಡೆಸ್ಕಿನ ಹುಡುಗ ಪಾಪ, "ನಮ್ಮ ಕೈಲಿ ಏನಿದೆ ಮೇಡಂ" ಅಂದ. ಅವನ ಕೈಲಿ ನಿಜಕ್ಕೂ ಏನೂ ಇರಲಿಲ್ಲ.

ಸಂಜೆ ಬಂದ ಬಿಲ್ಲಿನಲ್ಲಿ ಗ್ಲೌಸಿಗೇ ಎರಡು ಪುಟ. ಅದು ಪಾಲಿಸಿಗೆ ಬರುವುದಿಲ್ಲ. ಆ ರಾತ್ರಿ ಖಾಲಿ ಇದ್ದ ರೂಮಿನ ಬಾಡಿಗೆ ಅಪ್ಪನ ಪಾಲಿಸಿಯ ಮಿತಿಗಿಂತ ಜಾಸ್ತಿ ಇತ್ತು. ಬಾಡಿಗೆಯ ವ್ಯತ್ಯಾಸ ಅಷ್ಟೇ ನಾವು ಕೊಟ್ಟರೆ ಮುಗಿಯಿತಲ್ಲ ಅಂದುಕೊಳ್ಳಬೇಡಿ. ಮಿತಿ ಐದು ಸಾವಿರ ಇದ್ದು ರೂಮು ಹತ್ತು ಸಾವಿರದ್ದಾದರೆ, ಡಾಕ್ಟರ ಫೀಸು, ಆಪರೇಷನ್ ಥಿಯೇಟರಿನ ಚಾರ್ಜು, ಇಂಥವಕ್ಕೂ ಅರ್ಧವೇ ಕೊಡುತ್ತಾರೆ. ಏಳು ಗಂಟೆಗೆ ಉಳಿದದ್ದು ಕಟ್ಟಿ ಹೊರಗೆ ಬಂದೆವು. ಇಂಗ್ಲೆಂಡಿನಲ್ಲಿ ಒಳಗೆ ಹೋಗಲು ಕಾಯಬೇಕು, ನಮ್ಮಲ್ಲಿ ಹೊರಗೆ ಬರಲು. ದುಡ್ಡಿರುವವರ ಮಾತು ಇದು, ನೆನಪಿರಲಿ. ಅಡ್ವಾನ್ಸ್ ಕಟ್ಟಲಾಗದವರು ಒಳಗೆ ಹೋಗುವುದಕ್ಕೂ ಕಾಯಬೇಕು.

ಹಾಗೆ ನೋಡಿದರೆ ಎನ್‌ಎಚ್‌ಎಸ್ ಜೊತೆ ಹೋಲಿಸಬೇಕಾದ್ದು ಜಯದೇವ ಹೃದ್ರೋಗ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳನ್ನು. ಅಪ್ಪನ ಬೀದಿಯಲ್ಲೇ ಇರುವ ಆಟೋ ಓಡಿಸುವವರೊಬ್ಬರಿಗೆ ಮೈಸೂರಿನ ಜಯದೇವದಲ್ಲಿ ಸ್ಟೆಂಟ್ ಹಾಕಿದರು. ಜೊತೆಗೆ ಬಂದವರು ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿದರು, ಊಟ ಮನೆಯಿಂದ. ಬಿಪಿಎಲ್ ಕಾರ್ಡಿನ ಮೇಲೆ ಕೈಯಿಂದ ದುಡ್ಡು ಬೀಳಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ ಮೂವತ್ತು ಮಾತ್ರ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತರಬೇಕು. ಅಲ್ಲೂ ಜಿಪಿ ಬಾಗಿಲೇ ಅನ್ನಿ! ನಮ್ಮಂಥ ಮಧ್ಯಮ ವರ್ಗದವರು ಮಾತ್ರ "ಅಲ್ಲಿ ರಶ್ಶು" ಅಂತ ಹೇಳಿ, ಅಲ್ಲಿಗೆ ಹೋಗದೆ, ಗ್ಲೌಸಿಗೆ ದುಡ್ಡು ಕಟ್ಟುತ್ತೇವೆ.

ಅಮೆರಿಕದ ಮಾತು ಬೇಡ. ನನ್ನ ತಮ್ಮ ಡಲ್ಲಾಸಿನಲ್ಲಿದ್ದಾನೆ. ಇನ್ಶೂರೆನ್ಸ್ ಪ್ರೀಮಿಯಂ ಕಟ್ಟಿದ ಮೇಲೆ ಡಿಡಕ್ಟಿಬಲ್ (ಮೊದಲು ನಾವೇ ಹಾಕಬೇಕಾದ ಮೊತ್ತ), ಅದಾದ ಮೇಲೆ ಕೋಪೇ (ಪ್ರತಿ ಸಲ ನಮ್ಮ ಪಾಲು), ಆಸ್ಪತ್ರೆ ವಿಮಾ ಕಂಪನಿಯ ನೆಟ್‌ವರ್ಕಿನಲ್ಲಿದ್ದರೂ ಡಾಕ್ಟರು ಇಲ್ಲದಿರಬಹುದು. "ಇದು ಬಿಲ್ ಅಲ್ಲ" ಅಂತ ಬರೆದ ಕಾಗದ ಬಂದಾಗ ಅವನಿಗೆ ಬಿಪಿ ಏರುತ್ತದೆ, ಹಿಂದೆಯೇ ಬಿಲ್ ಬರುತ್ತದಲ್ಲ.

ನನ್ನ ಆಪರೇಷನ್ ಕೊನೆಗೂ ಇಂಗ್ಲೆಂಡಿನಲ್ಲೇ ಆಯಿತು. ಬೆಳಿಗ್ಗೆ ಏಳಕ್ಕೆ ಹೋದೆ, ಸಂಜೆ ಟೀ ಮತ್ತು ಬೆಣ್ಣೆ ಸವರಿದ ಟೋಸ್ಟ್ ಕೊಟ್ಟು, ಮಾತ್ರೆಯ ಚೀಲ ಕೈಗಿಟ್ಟು ಕಳಿಸಿದರು. ಇನ್ಶೂರೆನ್ಸ್ ಡೆಸ್ಕಿಲ್ಲ, ಸೀಲಿಲ್ಲ, ಕ್ವೆರಿ ಇಲ್ಲ. ನರ್ಸ್ ಕೇಳಿದ ಒಂದೇ ಪ್ರಶ್ನೆ: "ಮನೆಗೆ ಕರೆದುಕೊಂಡು ಹೋಗಲು ಯಾರಿದ್ದಾರೆ?" ಆದರೂ ಅಷ್ಟು ತಿಂಗಳ ಒಗ್ಗರಣೆಯನ್ನು ನಾನು ಮನ್ನಿಸಿಲ್ಲ.

ಎಂಟು ಗಂಟೆಯ ಫೋನಿನ ಕಥೆ ಸ್ವಲ್ಪ ಸುಧಾರಿಸಿದೆ. 2025ರ ಅಕ್ಟೋಬರಿನಿಂದ ಇಂಗ್ಲೆಂಡಿನ ಜಿಪಿಗಳು ತುರ್ತಲ್ಲದ ವಿಷಯಕ್ಕೆ ಆನ್‌ಲೈನ್ ಅರ್ಜಿಯನ್ನು ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ ತೆರೆದಿಡಬೇಕು. ಗಂಟಲು ನೋವು, ಕಿವಿ ನೋವಿನಂಥ ಏಳು ಕಾಯಿಲೆಗೆ 2024ರಿಂದ ಕೆಮಿಸ್ಟೇ ನೋಡಿ ಔಷಧಿ ಕೊಡುತ್ತಾರೆ. ನಮ್ಮಲ್ಲಿ ಮೆಡಿಕಲ್ ಶಾಪಿನವರು ಎಷ್ಟೋ ವರ್ಷದಿಂದ ಮಾಡುತ್ತಿರುವ ಕೆಲಸ, ಇವರು ಕಾನೂನು ಮಾಡಿ ಮಾಡಿದ್ದಾರೆ.

ಹೊಸದಾಗಿ ಬರುವವರಿಗೆ ಒಂದು ಮಾತು. ಬಂದ ವಾರವೇ ಜಿಪಿಯಲ್ಲಿ ಹೆಸರು ಬರೆಸಿ. ಹಲ್ಲಿನ ಕೆಲಸ ಮಾತ್ರ ಊರಲ್ಲೇ ಮುಗಿಸಿಕೊಂಡು ಬನ್ನಿ. ಎನ್‌ಎಚ್‌ಎಸ್ 1948ರಲ್ಲಿ ಶುರುವಾದಾಗ ಹಲ್ಲಿನ ಸೆಟ್ಟೂ ಪುಕ್ಕಟೆ ಇತ್ತು. 1951ರಲ್ಲಿ ಅದಕ್ಕೂ ಕನ್ನಡಕಕ್ಕೂ ದುಡ್ಡು ಕೇಳಲು ಹೊರಟರು ಅಂತ, ಅದನ್ನು ಕಟ್ಟಿದ ಅನೈರಿನ್ ಬೆವನ್ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. 2025ರ ಏಪ್ರಿಲ್ ದರದಲ್ಲಿ ಒಂದು ಕ್ಯಾಪ್ ಹಾಕಿಸಲು 326.70 ಪೌಂಡ್, ಅದೂ ಹೊಸಬರನ್ನು ಸೇರಿಸಿಕೊಳ್ಳುವ ಎನ್‌ಎಚ್‌ಎಸ್ ಡೆಂಟಿಸ್ಟ್ ಸಿಕ್ಕಿದರೆ. ನಮ್ಮ ಏರಿಯಾದಲ್ಲಿ ನನಗಿನ್ನೂ ಸಿಕ್ಕಿಲ್ಲ.