ಜಿಂಕೆಗೂ ಟರ್ಕಿಗೂ ಒಂದೇ ಕೋವಿ ಸಾಕೆ? ಒಹಾಯೊ ಬೇಟೆಗೆ ಮೂರು ಜೋಡಣೆಗಳ ಹೋಲಿಕೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ ವಸಂತಕ್ಕೆ ಟರ್ಕಿ ಕೋಳಿ, ಚಳಿ ಹಿಡಿದ ಮೇಲೆ ಬಿಳಿಬಾಲದ ಜಿಂಕೆ. ಎರಡಕ್ಕೂ ಹೋಗುವವರು ಒಂದು ಕೋವಿ ಕೊಳ್ಳಬೇಕೋ ಎರಡೋ ಎಂಬುದಕ್ಕೆ ಅರ್ಧ ಉತ್ತರವನ್ನು ಅಲ್ಲಿನ ನಿಯಮವೇ ಕೊಡುತ್ತದೆ. ಬಂದೂಕಿನಲ್ಲಿ ಟರ್ಕಿ ಹೊಡೆಯುವುದಾದರೆ ಚರೆ, ಅಂದರೆ ಒಂದೇ ತೋಟಾದಲ್ಲಿ ತುಂಬಿದ ನೂರಾರು ಸಣ್ಣ ಗುಂಡು, ಹಾರಿಸುವ ಶಾಟ್‌ಗನ್ನೇ ಬೇಕು. ಜಿಂಕೆಗೆ ಒಂಟಿ ಗುಂಡಿನ, ಅಂದರೆ ಸ್ಲಗ್ ಹಾಕಿದ ಶಾಟ್‌ಗನ್ ನಡೆಯುತ್ತದೆ. ನಳಿಗೆಯ ಬಾಯಿಂದ ಮದ್ದು ತುಂಬುವ ಮಝಲ್‌ಲೋಡರ್ ನಡೆಯುತ್ತದೆ. ರೈಫಲ್ ಆದರೆ ತೋಟಾದ ಕೊಳವೆ ಬುಡದಿಂದ ಬಾಯಿಯವರೆಗೆ ನೇರವಾಗಿರಬೇಕು. ಕುತ್ತಿಗೆ ಕಿರಿದಾಗುವ .243, .308, .30-06 ಎಷ್ಟೇ ಒಳ್ಳೆಯ ಜಿಂಕೆ ತೋಟಾಗಳಾದರೂ ಒಹಾಯೊದ ಜಿಂಕೆ ಬೇಟೆಗೆ ಒಯ್ಯುವಂತಿಲ್ಲ.

ಕೊಳ್ಳುವ ಮೊದಲು ಇನ್ನೊಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕನ್ನೂ ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಮೊದಲ ಲೈಸೆನ್ಸಿಗೆ ಬೇಟೆ ತರಬೇತಿ ಕೋರ್ಸ್ ಮುಗಿಸಿರಬೇಕು. ಜಿಂಕೆಗೂ ಟರ್ಕಿಗೂ ಪರವಾನಗಿ ಬೇರೆ ಬೇರೆ.

ಹೋಲಿಕೆಗೆ ತೆಗೆದುಕೊಂಡ ಜೋಡಣೆಗಳು ಮೂರು. ಮೊದಲನೆಯದು 12 ಗೇಜ್ ಪಂಪ್ ಶಾಟ್‌ಗನ್, ರೆಮಿಂಗ್ಟನ್ 870 ಅಥವಾ ಮಾಸ್‌ಬರ್ಗ್ 500 ಜಾತಿಯದು, ಅದಕ್ಕೆ ಎರಡು ನಳಿಗೆ: ಟರ್ಕಿಗೆ ನುಣುಪು ನಳಿಗೆ, ಜಿಂಕೆಗೆ ಒಳಗೆ ತಿರುಚು ಗೀರು ಇರುವ ರೈಫಲ್ಡ್ ನಳಿಗೆ. ಎರಡನೆಯದು ಅದೇ ಏರ್ಪಾಡು, 20 ಗೇಜಿನಲ್ಲಿ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು). ಮೂರನೆಯದು ಟರ್ಕಿಗೆ 20 ಗೇಜ್, ಜಿಂಕೆಗೆ ಪ್ರತ್ಯೇಕವಾಗಿ .350 ಲೆಜೆಂಡ್ ಎಂಬ ನೇರ ಕೊಳವೆಯ ತೋಟಾ ಹಾರಿಸುವ ಬೋಲ್ಟ್ ರೈಫಲ್. ಮೂರನ್ನೂ ಬೆಂಚಿನ ಮೇಲಿಟ್ಟು ಕಾಗದಕ್ಕೆ ಹೊಡೆದು ನೋಡಿದ್ದೇವೆ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ದುಡ್ಡಿದ್ದರೆ ಮೂರನೆಯದು, ಒಂದೇ ಕೋವಿ ಎಂದಾದರೆ ಎರಡನೆಯದು. 12 ಗೇಜ್ ಆಗಲೇ ಮನೆಯಲ್ಲಿದ್ದರೆ ಅದನ್ನು ಮಾರಬೇಕಿಲ್ಲ, ಆದರೆ ಹೊಸದಾಗಿ ಕೊಳ್ಳುವವರಿಗೆ ಅದನ್ನೇ ಹೇಳಲು ಇವತ್ತು ಕಾರಣ ಉಳಿದಿಲ್ಲ.

ಕಾರಣ ಇಲ್ಲವಾದದ್ದು ಚರೆಯಿಂದ. ಟರ್ಕಿಗೆ ಗುರಿ ಮೈಯಲ್ಲ, ತಲೆ ಮತ್ತು ಕತ್ತು. ಎದೆಯ ಗರಿ, ಮಾಂಸ, ರೆಕ್ಕೆಯ ಎಲುಬು ದಾಟಿ ಸಣ್ಣ ಚರೆ ಜೀವಸ್ಥಾನ ಮುಟ್ಟುವುದು ಅಪರೂಪ; ಹಕ್ಕಿ ಗಾಯಗೊಂಡು ಹಾರಿ ಹೋಗಿ ಎಲ್ಲೋ ಸಾಯುತ್ತದೆ. ಹಾಗಾಗಿ ಬೇಕಾದ್ದು ಸಣ್ಣ ಜಾಗದಲ್ಲಿ ತುಂಬಾ ಚರೆ, ಪ್ರತಿ ಚರೆಗೂ ಎಲುಬು ಒಡೆಯುವ ತೂಕ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11 ಗ್ರಾಂ, ಟಿಎಸ್ಎಸ್ ಎನ್ನುವ ಟಂಗ್‌ಸ್ಟನ್ ಚರೆಯದು ಸುಮಾರು 18. ಚರೆಯ ನಂಬರ್ ಹೆಚ್ಚಿದಷ್ಟೂ ಕಾಳು ಸಣ್ಣದು. ಆದರೂ 9ನೇ ನಂಬರಿನ ಟಿಎಸ್ಎಸ್ ಚರೆ ಸಾಸಿವೆಯಷ್ಟೇ ಕಂಡರೂ 5ನೇ ನಂಬರಿನ ಸೀಸದಷ್ಟು ಆಳಕ್ಕೆ ಇಳಿಯುತ್ತದೆ. ಎಣಿಕೆಯಲ್ಲೂ ವ್ಯತ್ಯಾಸ ದೊಡ್ಡದು: ಒಂದು ಔನ್ಸಿಗೆ 5ನೇ ನಂಬರಿನ ಸೀಸ ಸುಮಾರು 170 ಕಾಳು, 9ನೇ ನಂಬರಿನ ಟಿಎಸ್ಎಸ್ ಸುಮಾರು 360. ಅಂದರೆ 20 ಗೇಜಿನ 3 ಇಂಚಿನ ತೋಟಾದಲ್ಲಿ ಒಂದೂವರೆ ಔನ್ಸ್ ಟಿಎಸ್ಎಸ್ ತುಂಬಿದರೆ 540 ಚರೆ. 12 ಗೇಜಿನ ಎರಡು ಔನ್ಸ್ ಸೀಸದಲ್ಲಿರುವುದು 340 ಮಾತ್ರ. ಸಣ್ಣ ಕೋವಿ ದೊಡ್ಡದನ್ನು ಹಿಂದೆ ಹಾಕಿದ್ದು ಈ ಲೆಕ್ಕದಲ್ಲಿ.

ಕಾಗದದ ಮೇಲೂ ಅದೇ ಕಂಡಿತು. 40 ಗಜಕ್ಕೆ, 10 ಇಂಚಿನ ವೃತ್ತದಲ್ಲಿ 100 ಚರೆ ಬಿದ್ದರೆ ಸಾಕು ಎಂಬುದು ಟರ್ಕಿ ಬೇಟೆಗಾರರ ರೂಢಿಯ ಅಳತೆ. ಸಾಮಾನ್ಯ ತಾಮ್ರಲೇಪದ ಸೀಸದ ಎರಡು ಔನ್ಸ್ ತೋಟಾ 12 ಗೇಜಿನಲ್ಲಿ ಈ ಗೆರೆಯ ಆಚೀಚೆ ತೂಗಾಡಿತು. ವಿಂಚೆಸ್ಟರಿನ ಲಾಂಗ್ ಬಿಯರ್ಡ್ ಎಕ್ಸ್ಆರ್ ಸೀಸದ್ದೇ ಆದರೂ ಚರೆಗಳ ನಡುವಿನ ಸಂದಿಗೆ ರಾಳ ತುಂಬಿರುತ್ತದೆ; ನಳಿಗೆಯಲ್ಲಿ ಚರೆ ಜಜ್ಜಿ ವಕ್ರವಾಗುವುದು ಕಡಿಮೆ, ಹಾಗಾಗಿ ಗೆರೆಯನ್ನು ಆರಾಮವಾಗಿ ದಾಟಿತು. 20 ಗೇಜಿನ ಟಿಎಸ್ಎಸ್ ಗೆರೆಯ ಸುಮಾರು ಎರಡರಷ್ಟು ಕೊಟ್ಟಿತು. .410ರಂಥ ಪುಟ್ಟ ನಳಿಗೆಯಲ್ಲೂ ಔನ್ಸಿನ 13/16 ಭಾಗ ಟಿಎಸ್ಎಸ್, ಅಂದರೆ 290 ಚಿಲ್ಲರೆ ಚರೆ ಹಿಡಿಯುತ್ತದೆ. ಅದನ್ನು 30 ಗಜಕ್ಕೆ ನಿಲ್ಲಿಸುವುದು ಒಳ್ಳೆಯದು. ನಳಿಗೆ, ಚೋಕ್ (ಚರೆ ಹರಡದಂತೆ ನಳಿಗೆಯ ಬಾಯಿ ಕಿರಿದು ಮಾಡುವ ತಿರುಪು ಕೊಳವೆ) ಬದಲಾದರೆ ಇವೆಲ್ಲ ಬದಲಾಗುತ್ತವೆ. ಒಬ್ಬರ ಎಣಿಕೆ ಇನ್ನೊಬ್ಬರ ಕೋವಿಗೆ ಸಾಕ್ಷಿಯಲ್ಲ.

ಕೊರತೆ ಬೆಲೆಯದು. ಒಂದು ಟಿಎಸ್ಎಸ್ ತೋಟಾಕ್ಕೆ ಹತ್ತು ಡಾಲರೋ ಅದಕ್ಕೂ ಮೇಲೋ, ಸೀಸದ್ದಕ್ಕೆ ಎರಡು ಡಾಲರಿನ ಆಸುಪಾಸು. ಆದರೆ ವಸಂತದಲ್ಲಿ ಒಬ್ಬರು ಹಾರಿಸುವುದು ಒಂದೋ ಎರಡೋ ಈಡು. ಪರೀಕ್ಷೆಯನ್ನು ಅಗ್ಗದ ತೋಟಾದಲ್ಲೇ ಶುರು ಮಾಡಿ: 20 ಗಜದಲ್ಲಿ ಪಾರಿವಾಳ ಹೊಡೆಯುವ ಹಗುರ ತೋಟಾ ಹಾಕಿ ರೆಡ್ ಡಾಟನ್ನು, ಅಂದರೆ ಕೆಂಪು ಚುಕ್ಕೆ ತೋರಿಸುವ ಗುರಿ ಸಾಧನವನ್ನು, ಸುಮಾರಾಗಿ ಗುರಿಗೆ ಹೊಂದಿಸಿಕೊಳ್ಳಿ, ಆಮೇಲೆ 40 ಗಜಕ್ಕೆ ಹೋಗಿ ಎರಡು ಮೂರು ಟಿಎಸ್ಎಸ್. ಐದರ ಒಂದು ಪೆಟ್ಟಿಗೆಯಲ್ಲಿ ಪರೀಕ್ಷೆಯೂ ಬೇಟೆಯೂ ಮುಗಿಯುತ್ತದೆ.

ಕಾಗದ ಮೂರಡಿ ಅಗಲದ ಕಂದು ಹಾಳೆ, ನಡುವೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಚುಕ್ಕೆ. ದೂರವನ್ನು ಟೇಪಿನಲ್ಲೋ ರೇಂಜ್‌ಫೈಂಡರಿನಲ್ಲೋ ಅಳೆಯಬೇಕು, ಹೆಜ್ಜೆ ಲೆಕ್ಕ ಬೇಡ. ಮರಳುಚೀಲದ ಮೇಲೆ ಕೋವಿ ಊರಿ ಒಂದು ಈಡು ಹೊಡೆದ ಮೇಲೆ ಚರೆ ಅತಿ ದಟ್ಟವಾಗಿ ಬಿದ್ದ ಕಡೆ 10 ಇಂಚಿನ ವೃತ್ತ ಎಳೆದು ಎಣಿಸಿ, ಪ್ರತಿ ತೂತಿಗೂ ಪೆನ್ನಿನ ಗುರುತು. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ವೃತ್ತದ ನಡು ಎಲ್ಲಿದೆ, ಕಪ್ಪು ಚುಕ್ಕೆ ಎಲ್ಲಿದೆ ಎಂದು ನೋಡುವುದಿಲ್ಲ. ಬಿಗಿ ಚೋಕ್ ಹಾಕಿದ ನಳಿಗೆ ಆರು ಇಂಚು ಎಡಕ್ಕೋ ಮೇಲಕ್ಕೋ ಹೊಡೆಯುವುದು ಸಾಮಾನ್ಯ, ತುದಿಯಲ್ಲಿ ಬರೀ ಬೀಡ್ (ಗುರಿ ಹಿಡಿಯುವ ಮಣಿ) ಇರುವ ಕೋವಿಯಲ್ಲಿ ಅದನ್ನು ತಿದ್ದುವ ದಾರಿಯಿಲ್ಲ. ಜೊತೆಗೆ ಕೆನ್ನೆ ಹಿಡಿಯಿಂದ ತುಸು ಮೇಲೆದ್ದರೂ ಈಡು ಮೇಲಕ್ಕೆ ಹೋಗುತ್ತದೆ. ಅದಕ್ಕೇ ಟರ್ಕಿ ಕೋವಿಗೆ ರೆಡ್ ಡಾಟ್ ಶೋಕಿಯಲ್ಲ.

ಇನ್ನೊಂದು ಹಾಳೆಯನ್ನು 10 ಗಜಕ್ಕೆ ಕಟ್ಟಿ ಹೊಡೆದು ನೋಡಿ. ತೂತುಗಳೇ ಇಲ್ಲ, ಟೆನ್ನಿಸ್ ಚೆಂಡಿನಷ್ಟು ಕಾಗದ ಹರಿದು ಹೋಗಿ, ಅಂಚಿನಲ್ಲಿ ನಾಲ್ಕೈದು ಬಿಡಿ ಚುಕ್ಕೆ. ಕರೆಗೆ ಓಗೊಟ್ಟು ಕಾಲ ಬುಡಕ್ಕೇ ಬಂದ ಹುಂಜವನ್ನು ಜನ ತಪ್ಪಿಸುವುದು ಈ ಕಾರಣಕ್ಕೆ. ಹತ್ತಿರದಲ್ಲಿ ಶಾಟ್‌ಗನ್ ರೈಫಲಿನಂತೆಯೇ, ಗುರಿ ಅಷ್ಟೇ ನಿಖರವಾಗಿರಬೇಕು. ಗರಿ ಮುಗಿದು ಬರಿ ಕತ್ತು ಶುರುವಾಗುವ ಜಾಗಕ್ಕೆ ಹಿಡಿಯಿರಿ. ಹುಂಜ ಗರಿ ಬಿಚ್ಚಿ ಕುಣಿಯುತ್ತಿದ್ದರೆ ಕತ್ತು ಮೈಯೊಳಗೆ ಹುದುಗಿರುತ್ತದೆ. ಹೇಟೆಯ ದನಿಯಲ್ಲಿ ಒಂದು ಚಿಕ್ಕ 'ಕ್ಲಕ್' ಹಾಕಿದರೆ ತಲೆ ಎತ್ತುತ್ತದೆ, ಆಗ ಹೊಡೆಯುವುದು.

12 ಗೇಜಿನ ಮೂರೂವರೆ ಇಂಚಿನ ಮ್ಯಾಗ್ನಮ್ ತೋಟಾ ಬೇಡವೆನ್ನಲು ಒದೆತವೇ ಸಾಕು. ಹಗುರ ಪಂಪ್ ಕೋವಿಯಲ್ಲಿ ಅದು .30-06 ರೈಫಲಿನ ಎರಡರಷ್ಟಕ್ಕೂ ಮೀರಿ ಭುಜಕ್ಕೆ ಗುದ್ದುತ್ತದೆ. ಎರಡನೇ ಈಡಿಗೆ ಕಣ್ಣು ತಾನಾಗಿ ಮುಚ್ಚುತ್ತದೆ, ಮೂರನೆಯದಕ್ಕೆ ಟ್ರಿಗರ್ ಎಳೆಯುವ ಬದಲು ಕಿತ್ತುಬಿಡುತ್ತೇವೆ. ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವಂತೆ ಮಾಡುವ ತೋಟಾದಿಂದ ಲಾಭವಿಲ್ಲ.

ಜಿಂಕೆಗೆ ಬಂದರೆ ಲೆಕ್ಕ ಬೇರೆ. ಸ್ಲಗ್ಗಿನಲ್ಲಿ ಎರಡು ಜಾತಿ, ಅವನ್ನು ಅದಲುಬದಲು ಮಾಡಬಾರದು. ಫಾಸ್ಟರ್ ಸ್ಲಗ್ ಸೀಸದ ಟೊಪ್ಪಿಯಂತೆ, ಹಿಂಭಾಗ ಪೊಳ್ಳು, ತೂಕವೆಲ್ಲ ಮೂತಿಯಲ್ಲಿ. ಅದು ನುಣುಪು ನಳಿಗೆಗೆ. ರೈಫಲ್ಡ್ ನಳಿಗೆಯಲ್ಲಿ ಹಾರಿಸಿದರೆ ಗೀರುಗಳಿಗೆ ಸೀಸ ಮೆತ್ತಿಕೊಂಡು ಕೆಲವೇ ಈಡಿಗೆ ನಿಖರತೆ ಕೆಡುತ್ತದೆ. ಸೇಬೊ ಸ್ಲಗ್ ಪ್ಲಾಸ್ಟಿಕ್ ಅಂಗಿ ತೊಟ್ಟ ಸಣ್ಣ ಗುಂಡು; ಅದನ್ನು ತಿರುಗಿಸಲು ಗೀರುಗಳೇ ಬೇಕು. ನುಣುಪು ನಳಿಗೆಯಲ್ಲಿ ತಿರುಗದೆ ಎಲ್ಲೆಂದರಲ್ಲಿ ಬೀಳುತ್ತದೆ, ದುಡ್ಡೂ ದಂಡ. ರೈಫಲ್ಡ್ ನಳಿಗೆಯಲ್ಲಿ ಚರೆ ಹಾರಿಸಿದರೂ ಕೆಟ್ಟದ್ದೇ: ತಿರುಗಿದ ಚರೆ ಹೊರಕ್ಕೆ ಚದುರಿ ನಡುವೆ ಖಾಲಿ ಉಳಿದ ಉಂಗುರವಾಗುತ್ತದೆ. ಅದಕ್ಕೇ ಒಂದು ಕೋವಿಗೆ ಎರಡು ನಳಿಗೆ.

ಎಲ್ಲಕ್ಕಿಂತ ಅಪಾಯದ ತಪ್ಪು, ವಸಂತದ ಟರ್ಕಿ ಚೋಕನ್ನು ಬಿಚ್ಚದೆ ಚಳಿಗಾಲಕ್ಕೆ ಸ್ಲಗ್ ತುಂಬುವುದು. 12 ಗೇಜಿನ ನಳಿಗೆ ಒಳಗೆ ಸುಮಾರು .729 ಇಂಚು, ಟರ್ಕಿ ಚೋಕ್ .665ರ ಹತ್ತಿರ. ಆ ಕಿರಿದು ಬಾಯಲ್ಲಿ ಇಡೀ ಸ್ಲಗ್ ತೂರಿಸಿದರೆ ಚೋಕ್ ಹರಿದು ಹೋಗಬಹುದು, ನಳಿಗೆ ಉಬ್ಬಬಹುದು. ನುಣುಪು ನಳಿಗೆಗೆ ಬಾಯಿ ಅಗಲವಿರುವ ಇಂಪ್ರೂವ್ಡ್ ಸಿಲಿಂಡರ್ ಅಥವಾ ಸಿಲಿಂಡರ್ ಚೋಕ್ ಹಾಕಿ ಮಾತ್ರ ಸ್ಲಗ್. ಇದರಷ್ಟೇ ಘೋರವಾದದ್ದು ಎರಡೂ ಗೇಜ್ ಇರುವ ಮನೆಯಲ್ಲಿ ಆಗುವಂಥದ್ದು: 20 ಗೇಜಿನ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಇನ್ನೊಂದು 12ರ ತೋಟಾ ಸಲೀಸಾಗಿ ಕೂರುತ್ತದೆ, ಟ್ರಿಗರ್ ಎಳೆದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. 20 ಗೇಜಿನ ತೋಟಾ ಹಳದಿ ಬಣ್ಣದ್ದಾಗಿರುವುದು ಇದಕ್ಕೇ. ಜೇಬು ಬೇರೆ, ಪೆಟ್ಟಿಗೆ ಬೇರೆ ಇರಲಿ.

ಗುರಿ ವಿಷಯಕ್ಕೆ ಬಂದರೆ, ನುಣುಪು ನಳಿಗೆಯ ಫಾಸ್ಟರ್ ಸ್ಲಗ್ 50 ಗಜಕ್ಕೆ ಹೊಂದಿಸಿದರೆ 100ರಲ್ಲಿ ಸುಮಾರು ಐದು ಇಂಚು ಇಳಿಯುತ್ತದೆ, ಹರಡುವುದೂ ಜಾಸ್ತಿ. 75 ಗಜಕ್ಕೆ ನಿಲ್ಲಿಸಿ. ರೈಫಲ್ಡ್ ನಳಿಗೆ, ಸೇಬೊ ಇದ್ದರೆ 20 ಗೇಜೂ 12ರಷ್ಟೇ ನಂಬಿಕೆಯಿಂದ 125 ಗಜ ಮುಟ್ಟುತ್ತದೆ. ಸ್ಕೋಪನ್ನು ಕೋವಿಯ ರಿಸೀವರಿಗೆ ಕೂರಿಸಿದರೆ ನಳಿಗೆ ಬಿಚ್ಚಿ ಹಾಕಿದಾಗೆಲ್ಲ ಗುರಿ ಅಲುಗುತ್ತದೆ. ನಳಿಗೆಗೇ ಬೆಸೆದು ಹಿಂದಕ್ಕೆ ಚಾಚಿದ ಕ್ಯಾಂಟಿಲಿವರ್ ಮೌಂಟ್ ಇರುವ ನಳಿಗೆಯನ್ನೇ ಕೊಳ್ಳಿ, ಸ್ಕೋಪ್ ಅದರ ಜೊತೆಗೇ ಓಡಾಡಲಿ. ಹಾಗಿದ್ದರೂ ಬದಲಿಸಿದ ಮೇಲೆ ಎರಡು ಈಡು ಹೊಡೆದು ನೋಡದೆ ಕಾಡಿಗೆ ಹೋಗಬಾರದು. ಒಂದು ದಿನ ಚೆನ್ನಾಗಿ ಹೊಡೆದ ಸ್ಲಗ್ ಕೋವಿ ಮರುದಿನ ಅಲೆದಾಡಿದರೆ ಮೊದಲು ಮುಟ್ಟಿ ನೋಡಬೇಕಾದ್ದು ನಳಿಗೆಯನ್ನು ಬಿಗಿಹಿಡಿಯುವ ಮ್ಯಾಗಜೀನ್ ಮುಚ್ಚಳ. ಅದು ಕಾಲು ಸುತ್ತು ಸಡಿಲಾದರೂ ಸಾಕು.

ಈ ರಗಳೆ ಯಾವುದೂ .350 ಲೆಜೆಂಡಿಗಿಲ್ಲ. ವಿಂಚೆಸ್ಟರ್ 2019ರಲ್ಲಿ ತಂದ ಈ ತೋಟಾ ನೇರ ಕೊಳವೆಯ ನಿಯಮವಿರುವ ರಾಜ್ಯಗಳಿಗೆಂದೇ ಹುಟ್ಟಿದ್ದು. 150ರಿಂದ 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, ಒದೆತ .308ಕ್ಕಿಂತ ಕಡಿಮೆ, ಸೇಬೊ ಸ್ಲಗ್ಗಿಗಿಂತ ಅಗ್ಗ. 100 ಗಜಕ್ಕೆ ಹೊಂದಿಸಿದರೆ 150ರವರೆಗೆ ಕೂದಲು ಕೆಳಗೆ ಮೇಲೆ ಎಣಿಸದೆ ಎದೆಗೆ ಹಿಡಿಯಬಹುದು. 200ರಲ್ಲಿ ಇಳಿತವೂ ಹೆಚ್ಚು, ಶಕ್ತಿಯೂ ಅರ್ಧ, ಆ ದೂರ ಬಿಟ್ಟುಬಿಡಿ. .450 ಬುಷ್‌ಮಾಸ್ಟರ್, .45-70 ಎರಡೂ ನಿಯಮದೊಳಗೇ ಬರುತ್ತವೆ, ಆದರೆ ಜಿಂಕೆಗೆ ಅಷ್ಟು ಒದೆತ ತಿನ್ನುವ ಅಗತ್ಯ ಕಾಣುವುದಿಲ್ಲ. ಸ್ಕೋಪ್ 3-9x40, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು, ಸಾಕು, ಕಾಡಿನಲ್ಲಿ ಅದನ್ನು 3ರಲ್ಲೇ ಇಟ್ಟಿರಿ. 9ರಲ್ಲಿಟ್ಟರೆ ಮುಸ್ಸಂಜೆಯಲ್ಲಿ ಬೆಳಕೂ ಕಡಿಮೆ, ಹತ್ತಿರದ ಜಿಂಕೆ ಬರೀ ಕಂದು ಗೋಡೆ.

ನಿಮ್ಮ ದೂರ ಎಷ್ಟೆಂದು ತಿಳಿಯಲು ಎಂಟಿಂಚಿನ ಪೇಪರ್ ಪ್ಲೇಟ್ ಬಳಸಿ. ಬೆಂಚಿನಿಂದಲ್ಲ, ಬೇಟೆಯಲ್ಲಿ ಕೂರುವ ಹಾಗೆಯೇ ಕೂತು ಐದಕ್ಕೆ ಐದೂ ಪ್ಲೇಟಿನೊಳಗೆ ಬೀಳುವ ಕೊನೆಯ ದೂರವೇ ನಿಮ್ಮ ಮಿತಿ. ಜಿಂಕೆ ಅಡ್ಡ ನಿಂತಿದ್ದಾಗ ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹಿಡಿಯಿರಿ. ಹೊಡೆದ ಮೇಲೆ ನೊರೆಗಟ್ಟಿದ ತಿಳಿ ಕೆಂಪು ರಕ್ತ ಕಂಡರೆ ಶ್ವಾಸಕೋಶ, ಅರ್ಧ ಗಂಟೆ ಬಿಟ್ಟು ಹೊರಡಿ. ಹಸಿರು ರಸ, ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಆರರಿಂದ ಎಂಟು ಗಂಟೆ ಕಾಯದೆ ಎಬ್ಬಿಸಿದರೆ ಜಿಂಕೆ ಸಿಗುವುದಿಲ್ಲ. ಮಾಂಸ ಮಕ್ಕಳ ತಟ್ಟೆಗೂ ಹೋಗುವ ಮನೆಯಾದರೆ ತಾಮ್ರದ ಗುಂಡಿಗೆ ಹೆಚ್ಚು ದುಡ್ಡು ಕೊಡುವುದು ಸರಿ, ಸೀಸದ ಗುಂಡಿನ ಚೂರುಗಳು ಗಾಯದಿಂದ ದೂರದ ಮಾಂಸದಲ್ಲೂ ಉಳಿಯುತ್ತವೆ. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸವೇ ನಿಷಿದ್ಧ.

ಉಳಿದ ಸಾಮಾನಿನಲ್ಲಿ ಮೊದಲ ದುಡ್ಡು ಹೋಗಬೇಕಾದ್ದು ಮರಸಿನ ಬೆಲ್ಟಿಗೆ, ಅಂದರೆ ಮರದಿಂದ ಬೀಳದಂತೆ ಮೈಗೆ ತೊಡುವ ಪಟ್ಟಿಗೆ. ಮರದ ಮೇಲಿನ ಅಟ್ಟಣೆಗೆ ಹತ್ತುವಾಗ, ಇಳಿಯುವಾಗಲೇ ಹೆಚ್ಚು ಬೀಳುವುದು. ನೆಲದಿಂದಲೇ ಹಗ್ಗಕ್ಕೆ ಕೊಂಡಿ ಸೇರುವ ಲೈಫ್‌ಲೈನ್ ಇರಲಿ. ಕೋವಿಯನ್ನು ತೋಟಾ ತೆಗೆದು, ಬಾಯಿ ಕೆಳಗೆ ಮಾಡಿ, ಆಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ. ಬಟ್ಟೆಯಲ್ಲಿ ಎರಡು ಬೇಟೆಗೂ ಹೊಂದಾಣಿಕೆಯಿಲ್ಲ. ಜಿಂಕೆಗೆ ಕಿತ್ತಳೆ ಜಾಕೆಟ್ ಕಡ್ಡಾಯ, ಜಿಂಕೆಯ ಕಣ್ಣಿಗೆ ಆ ಬಣ್ಣ ಎದ್ದು ಕಾಣುವುದೂ ಇಲ್ಲ. ಟರ್ಕಿಗೆ ಬಣ್ಣದ ಕಣ್ಣು ಚುರುಕು, ಮುಖ, ಕೈ ಎಲ್ಲ ಮುಚ್ಚಬೇಕು. ಕೆಂಪು, ಬಿಳಿ, ನೀಲಿಯ ಚೂರೂ ಬೇಡ; ಅವು ಹುಂಜದ ತಲೆಯ ಬಣ್ಣಗಳು, ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ನೀವೇ ಹಕ್ಕಿಯಾಗುತ್ತೀರಿ. ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂತಲ್ಲೇ ಕೂರಿ, ಕೇಳಿದ ಕೂಗಿನ ಕಡೆಗೆ ತೆವಳಬೇಡಿ.

ಕರೆಯುವ ಸಾಧನಗಳಲ್ಲಿ ಮರದ ಬಾಕ್ಸ್ ಕಾಲ್ ಹೊಸಬರಿಗೆ ಸುಲಭ, ಸದ್ದು ದೂರ ಹೋಗುತ್ತದೆ, ಮಳೆ ತಾಕಿದರೆ ಮೂಕ. ಅದಕ್ಕೆ ಹಚ್ಚುವ ಸೀಮೆಸುಣ್ಣ ಎಣ್ಣೆಯಂಶ ಇಲ್ಲದ್ದೇ ಆಗಬೇಕು, ಶಾಲೆಯದು ಹಚ್ಚಿದರೆ ಮರ ಜಾರಿ ಸ್ವರ ಹೋಗುತ್ತದೆ. ಸ್ಲೇಟ್ ಕಾಲ್ ಮೆಲುದನಿಗೆ ಎಲ್ಲಕ್ಕಿಂತ ಚೆನ್ನ. ಬೆರಳ ಜಿಡ್ಡು ಕೂತಾಗ ಮರಳುಕಾಗದದಲ್ಲಿ ಒಮ್ಮೆ ಉಜ್ಜಿದರೆ ಮತ್ತೆ ಹಿಡಿಯುತ್ತದೆ. ಬಾಯೊಳಗಿನ ಡಯಾಫ್ರಾಮ್ ಕಲಿಯಲು ವಾರಗಟ್ಟಲೆ ಬೇಕು, ಆದರೆ ಹುಂಜ 30 ಗಜದಲ್ಲಿ ನಿಂತು ನೋಡುತ್ತಿರುವಾಗ ಎರಡೂ ಕೈ ಕೋವಿಯ ಮೇಲಿರಲು ಬಿಡುವುದು ಅದೊಂದೇ. ಬಾಕ್ಸಿನಿಂದ ಕರೆದು ತಂದು, ಕೊನೆಯ ಆ 'ಕ್ಲಕ್' ಅನ್ನು ಬಾಯಿಂದ ಹಾಕುವಷ್ಟನ್ನಾದರೂ ಕಲಿತಿರಿ.