ಮನೆಯ ಸರ್ವರ್‌ಗೆ ಡೆಬಿಯನ್: 12ರಿಂದ 13ರವರೆಗಿನ ಬಳಕೆ

ಪುಣೆಯಲ್ಲಿ ಗುರುವಾರ ಬಂತೆಂದರೆ ಯಾವುದಾದರೂ ಬಡಾವಣೆಯಲ್ಲಿ ರಿಪೇರಿಗೆಂದು ಕರೆಂಟು ತೆಗೆಯುತ್ತಾರೆ. ಕರೆಂಟು ಬಂದ ಮೇಲೆ ಯಾರೂ ಕೀಬೋರ್ಡ್ ಮುಟ್ಟದೆ ಸರ್ವರ್ (ಮನೆಯ ಫೋಟೊ, ಬ್ಯಾಕಪ್ ಇಟ್ಟ ಕಂಪ್ಯೂಟರ್) ತಾನಾಗಿ ಏಳಬೇಕು, ಊರಲ್ಲಿರುವ ಅಜ್ಜಿಗೂ ಮೊಮ್ಮಕ್ಕಳ ಫೋಟೊ ಕಾಣಬೇಕು. ಈ ಲೆಕ್ಕದಲ್ಲಿ ನನ್ನ ಆಯ್ಕೆ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ.

ಇನ್ನೊಂದು ಲಿನಕ್ಸ್ ಆದ ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಅಪ್‌ಡೇಟ್ ಸಿಗುತ್ತದೆ. ಮನೆಯ ಸರ್ವರ್‌ಗೆ ಅದು ಸಾಲದು. ಮತ್ತೊಂದು ಲಿನಕ್ಸ್ ಉಬುಂಟುವಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿ 5 ವರ್ಷ ಬರುತ್ತದೆ, ಆದರೆ ಅದರ ಸ್ನ್ಯಾಪ್ ಎಂಬ ಆ್ಯಪ್ ಪ್ಯಾಕೇಜ್ ವ್ಯವಸ್ಥೆ ಬೇಡದವರಿಗೆ ಕಿರಿಕಿರಿ. ಡೆಬಿಯನ್‌ನಲ್ಲಿ 3 ವರ್ಷ ಪೂರ್ಣ ಬೆಂಬಲ, ಆಮೇಲೆ 2 ವರ್ಷ ಎಲ್‌ಟಿಎಸ್.

ಹೆಚ್ಚಿನವರು ಎಡವುವುದು ಹೊರಗಿನ ಯುಎಸ್‌ಬಿ ಡಿಸ್ಕ್‌ನಲ್ಲಿ. ಕರೆಂಟು ಮರಳಿದಾಗ ಡಿಸ್ಕ್ ಏಳದಿದ್ದರೆ ಯಂತ್ರವನ್ನು ಆರಂಭಿಸುವ ಪ್ರೋಗ್ರಾಂ ಸಿಸ್ಟಂಡಿ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ. ಡಿಸ್ಕ್‌ಗಳ ಪಟ್ಟಿಯ ಫೈಲಾದ ಎಫ್‌ಎಸ್‌ಟ್ಯಾಬ್‌ನಲ್ಲಿ (fstab) ಆ ಡಿಸ್ಕನ್ನು ಬದಲಾಗಬಹುದಾದ ಎಸ್‌ಡಿಬಿ (sdb) ಎಂಬ ಹೆಸರಿನಿಂದ ಬರೆಯದೆ ಅದರ ಖಾಯಂ ಗುರುತು ಯುಯುಐಡಿ (UUID) ಕೊಡಿ, ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯಲು ಆಪ್ಷನ್‌ಗಳಲ್ಲಿ ‘ನೋಫೇಲ್’ (nofail) ಸೇರಿಸಿ. ಇಷ್ಟಕ್ಕೇ ಬಿಟ್ಟರೆ ಇನ್ನೊಂದು ಅಪಾಯ ಕಾದಿರುತ್ತದೆ: ಡಿಸ್ಕ್ ಮೌಂಟ್ ಆಗದ (ತನ್ನ ಫೋಲ್ಡರ್‌ಗೆ ಜೋಡಣೆಯಾಗದ) ರಾತ್ರಿ ಬ್ಯಾಕಪ್ ಎಲ್ಲ ಖಾಲಿ ಫೋಲ್ಡರ್‌ಗೆ, ಅಂದರೆ ಸಿಸ್ಟಂ ಇರುವ ರೂಟ್ ಡಿಸ್ಕ್‌ಗೆ, ಬಿದ್ದು ಜಾಗ ತುಂಬಿಬಿಡುತ್ತದೆ. ಅದಕ್ಕೇ ಡಿಸ್ಕ್ ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರ್‌ಗೆ ಏನೂ ಬರೆಯಲಾಗದಂತೆ ತಡೆಯುವ ‘ಚ್ಯಾಟ್ರ್ +ಐ’ (chattr +i) ಕಮಾಂಡ್ ಕೊಟ್ಟು, ಮತ್ತೆ ಮೌಂಟ್ ಮಾಡಿ. ಆಮೇಲೆ ಡಿಸ್ಕ್ ಇಲ್ಲದಿದ್ದರೆ ಬ್ಯಾಕಪ್ ಎರರ್ ಕೊಟ್ಟು ನಿಲ್ಲುತ್ತದೆ. ಬಯಾಸ್‌ನಲ್ಲಿ ಕರೆಂಟು ಬಂದೊಡನೆ ಆನ್ ಆಗುವ ಸೆಟ್ಟಿಂಗ್ ಹಾಕಲು ಮರೆಯಬೇಡಿ.

ಆಗಸ್ಟ್ 2025ರಲ್ಲಿ ಬಂದ ಡೆಬಿಯನ್ 13ಕ್ಕೆ 12ರಿಂದ ಏರುವಾಗ ಎರಡು ಬದಲಾವಣೆ ಗಮನಿಸಿ. ತಾತ್ಕಾಲಿಕ ಫೈಲ್‌ಗಳ ಫೋಲ್ಡರ್ /ಟಿಎಂಪಿ (/tmp) ಈಗ ರ‍್ಯಾಮ್‌ನಲ್ಲಿರುತ್ತದೆ, ಹೆಚ್ಚೆಂದರೆ ಅದರ ಅರ್ಧದಷ್ಟು. 4 ಜಿಬಿ ಯಂತ್ರದಲ್ಲಿ ದೊಡ್ಡ ಝಿಪ್ ಅಲ್ಲಿ ಬಿಚ್ಚುವ ಸ್ಕ್ರಿಪ್ಟ್ 2 ಜಿಬಿಗೇ ನಿಂತುಹೋಗುತ್ತದೆ. ‘ಟಿಎಂಪಿ ಡಾಟ್ ಮೌಂಟ್’ (tmp.mount) ಅನ್ನು ಸಿಸ್ಟಂಡಿಯಲ್ಲಿ ಮಾಸ್ಕ್ ಮಾಡಿ (ಚಾಲೂ ಆಗದಂತೆ ತಡೆದು) ರೀಬೂಟ್ ಮಾಡಿದರೆ ಹಳೆಯ ಪದ್ಧತಿಗೆ ಬರುತ್ತದೆ. ಹಾಗೆಯೇ ಕರ್ನೆಲ್‌ನ (ಸಿಸ್ಟಂನ ತಿರುಳಿನ) ಸೆಟ್ಟಿಂಗ್‌ಗಳಿರುವ ‘ಸಿಸ್‌ಸಿಟಿಎಲ್ ಡಾಟ್ ಕಾನ್ಫ್’ (sysctl.conf) ಫೈಲನ್ನು ಈಗ ಸಿಸ್ಟಂಡಿ ಓದುವುದಿಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್‌ಗೆಂದು ಅಲ್ಲಿ ಬರೆದಿಟ್ಟ ಐಪಿ ಫಾರ್ವರ್ಡಿಂಗ್ (ಒಂದು ಜಾಲದಿಂದ ಇನ್ನೊಂದಕ್ಕೆ ಡೇಟಾ ದಾಟಿಸುವುದು) ಸದ್ದಿಲ್ಲದೆ ನಿಂತುಬಿಡುತ್ತದೆ. ಆ ಸಾಲನ್ನು ‘ಸಿಸ್‌ಸಿಟಿಎಲ್ ಡಾಟ್ ಡಿ’ (sysctl.d) ಫೋಲ್ಡರ್‌ನೊಳಗಿನ ಫೈಲಿಗೆ ಸಾಗಿಸಿ. 32 ಬಿಟ್‌ನ ಹಳೆಯ ಪಿಸಿಗೆ 13ರಲ್ಲಿ ಇನ್‌ಸ್ಟಾಲರ್ರೇ ಇಲ್ಲ.

ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ಪ್ಯಾಕೇಜ್ ಹಾಕಿದರೆ ಭದ್ರತಾ ಅಪ್‌ಡೇಟ್ ತಾನಾಗಿ ಬರುತ್ತದೆ, ಆದರೆ ಅದು ತಾನೇ ರೀಬೂಟ್ ಮಾಡುವುದಿಲ್ಲ. ಹೊಸ ಕರ್ನೆಲ್ ಜಾರಿಗೆ ಬರಬೇಕಾದರೆ ನೀವೇ ಒಮ್ಮೆ ರೀಬೂಟ್ ಕೊಡಬೇಕು.

ಆ್ಯಪ್‌ಗಳನ್ನು ಕಂಟೇನರ್‌ಗಳಲ್ಲಿ ಬೇರೆಬೇರೆಯಾಗಿ ಓಡಿಸುವ ಡಾಕರ್ ಬಳಸುವವರು ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಇದೆಯೆಂದು ನಿಶ್ಚಿಂತರಾಗಬೇಡಿ. ಡಾಕರ್ ತೆರೆದ ಪೋರ್ಟ್ ಅದನ್ನು ದಾಟಿಕೊಂಡೇ ಹೋಗುತ್ತದೆ. ಹೊರಗೆ ಬೇಡದ ಪೋರ್ಟ್‌ನ ಮುಂದೆ ಡಾಕರ್ ಸೆಟ್ಟಿಂಗ್‌ನಲ್ಲಿ 127.0.0.1 (ಆ ಯಂತ್ರದ್ದೇ ಒಳಗಿನ ವಿಳಾಸ) ಬರೆಯಿರಿ.