ಹೂವಿನ ಅಕ್ಕ, ಬೆಲ್ಲದ ದೊಡ್ಡಪ್ಪ, ನನ್ನ ಮೂರು ಕ್ಯಾಮೆರಾ ಕಣ್ಣು

ಫೋಟೋಗ್ರಫಿ ಕೋರ್ಸಿನಲ್ಲಿ ಈ ಸಲ ಎರಡು ಪ್ರಾಜೆಕ್ಟ್ ಇತ್ತು. ಕೆಲಸ ಮಾಡುವವರ ಹತ್ತು ಪೋರ್ಟ್ರೇಟ್ ಒಂದು, ಮೂರು ನಿಮಿಷದ ವಿಡಿಯೊ ಇನ್ನೊಂದು. ನನ್ನ ಬ್ಯಾಗಲ್ಲಿ ಇದ್ದದ್ದು ಹಳೇ ಕ್ರಾಪ್ ಸೆನ್ಸರ್ ಕ್ಯಾಮೆರಾ (ಅಂದರೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು), ಅದರ ಜೊತೆಗೇ ಬಂದ 18-55 ಎಂಎಂ ಜೂಮ್ ಕಿಟ್ ಲೆನ್ಸ್, ಸೆಕೆಂಡ್ ಹ್ಯಾಂಡಲ್ಲಿ ಕೊಂಡ, ಜೂಮ್ ಇಲ್ಲದ 50 ಎಂಎಂ ಎಫ್ 1.8 ಲೆನ್ಸ್. ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ಬಾಯಿ ಅಗಲ ತೆರೆಯುತ್ತೆ. ಮತ್ತೆ ಫೋನು ಇದ್ದೇ ಇದೆ. ಮೂರನ್ನೂ ಒಂದೇ ಜಾಗದಲ್ಲಿ, ಒಂದೇ ಮುಖದ ಮೇಲೆ ಪ್ರಯೋಗ ಮಾಡಿದೆ. ಶುರು ಮಾಡುವಾಗ 50 ಎಂಎಂ ಗೆಲ್ಲುತ್ತೆ ಅಂತ ಗ್ಯಾರಂಟಿ ಇತ್ತು ನನಗೆ.

ಮೊದಲು ಮೈಸೂರಿನ ದೇವರಾಜ ಮಾರ್ಕೆಟ್. ಹೂವಿನ ಸಾಲಿನಲ್ಲಿ ಒಬ್ಬ ಅಕ್ಕ ಮಲ್ಲಿಗೆ ಕಟ್ಟುತ್ತಾ ಕೂತಿರುತ್ತಾರೆ. ಮೂರು ದಿನ ಸುಮ್ನೆ ಹೂ ಕೊಂಡೆ, ನಾಲ್ಕನೇ ದಿನ ಕ್ಯಾಮೆರಾ ತೆಗೆದೆ. ಅಲ್ಲಿ ಬೆಳಕಿನದ್ದೇ ದೊಡ್ಡ ತಲೆನೋವು. ಮೇಲೆ ನೀಲಿ ಟಾರ್ಪಾಲು, ಪಕ್ಕದಲ್ಲಿ ಹಳದಿ ಬಲ್ಬು. ಹಾಗಾಗಿ ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಅರಿಶಿನ ಹಚ್ಚಿದ ಹಾಗೆ. ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ ಸರಿಪಡಿಸೋ ಸೆಟ್ಟಿಂಗ್, ಒಂದಕ್ಕೆ ಸರಿ ಮಾಡಿದರೆ ಇನ್ನೊಂದು ಕೆಡುತ್ತೆ. ಲ್ಯಾಪ್‌ಟಾಪಲ್ಲಿ ಒಂದು ರಾತ್ರಿ ಒದ್ದಾಡಿ ಬಿಟ್ಟೆ. ಮಾರನೇ ದಿನ "ಅಕ್ಕಾ, ಎರಡು ನಿಮಿಷ ಬಲ್ಬ್ ಆರಿಸ್ತೀರಾ?" ಅಂತ ಕೇಳಿದೆ. ಅಷ್ಟೇ! ಬರೀ ನೀಲಿ ಉಳಿಯಿತು, ಅದನ್ನು ಸರಿ ಮಾಡೋದು ಸುಲಭ.

ಆ ಮಬ್ಬು ಬೆಳಕಲ್ಲಿ 50 ಎಂಎಂ ನಿಜವಾಗಲೂ ಕೈ ಹಿಡಿಯುತ್ತೆ. ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಎಫ್ 5.6ಕ್ಕಿಂತ ಜಾಸ್ತಿ ತೆರೆಯಲ್ಲ. ಎಫ್ 1.8ರಲ್ಲಿ ಅದರ ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬರುತ್ತೆ. ಕಿಟ್‌ನಲ್ಲಿ ಐಎಸ್ಒ (ಫೋಟೋ ಬೆಳಗಿಸೋ ಸೆಟ್ಟಿಂಗ್, ಏರಿಸಿದಷ್ಟೂ ಗ್ರೇನ್ ಜಾಸ್ತಿ) 3200 ಇಡಬೇಕಾದ ಕಡೆ ಇದರಲ್ಲಿ 400 ಸಾಕಾಯಿತು. ಕೆನ್ನೆ ಮೇಲೆ ಮರಳು ಚೆಲ್ಲಿದಂಥ ಆ ಗ್ರೇನ್ ಇಲ್ಲ. ಕ್ರಾಪ್ ಸೆನ್ಸರಲ್ಲಿ ಈ 50 ಎಂಎಂ ಸುಮಾರು 75-80 ಎಂಎಂ ಲೆನ್ಸಿನ ಹಾಗೆ ಕಾಣುತ್ತೆ. ಹಾಗಾಗಿ ಒಂದೂವರೆ ಮೀಟರ್ ದೂರ ನಿಂತರೂ ಮುಖ, ಹೆಗಲು ಫ್ರೇಮ್ ತುಂಬುತ್ತೆ, ಮೂಗು ಉಬ್ಬಲ್ಲ. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಅಷ್ಟೇ ಮುಖ ಬೇಕು ಅಂದರೆ ಹತ್ತಿರ ಹೋಗಬೇಕು, ಆಗ ಮೂಗು ಮುಂದೆ ಬಂದುಬಿಡುತ್ತೆ.

ಆದರೆ ಎಫ್ 1.8ಕ್ಕೆ ಒಂದು ದಂಡ ಕಟ್ಟಬೇಕು. ಆ ದೂರದಲ್ಲಿ ಫೋಕಸ್ ಇರೋದು ಹೆಚ್ಚು ಕಮ್ಮಿ ಆರು ಸೆಂಟಿಮೀಟರ್ ಮಾತ್ರ. ಮೂಗಿನ ತುದಿಯಿಂದ ಕಿವಿವರೆಗೆ ಅದಕ್ಕಿಂತ ಜಾಸ್ತಿ ದೂರ ಇರುತ್ತೆ ಅಲ್ವಾ? ಹೂ ಕಟ್ಟೋರು ಸುಮ್ನೆ ಕೂರಲ್ಲ, ಪ್ರತಿ ಗಂಟಿಗೂ ತಲೆ ಒಂಚೂರು ಅಲ್ಲಾಡುತ್ತೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗೇ ಕಂಡಿತು. ರೂಮಿಗೆ ಬಂದು ದೊಡ್ಡದು ಮಾಡಿ ನೋಡಿದರೆ ಅರ್ಧ ಫೋಟೋಗಳಲ್ಲಿ ಕಿವಿಯ ಓಲೆ ಶಾರ್ಪು, ಕಣ್ಣು ಮಸುಕು. ಆಮೇಲಿಂದ ಎಫ್ 2.8ಕ್ಕಿಂತ ಕೆಳಗೆ ಇಳಿದಿಲ್ಲ.

ಫೋನಿನ ಪೋರ್ಟ್ರೇಟ್ ಮೋಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅದು ಹಿಂದಿನ ಮಸುಕನ್ನು ಲೆಕ್ಕ ಹಾಕಿ ಬಳಿಯುತ್ತೆ. ಅಕ್ಕನ ಮುಡಿಯ ಮಲ್ಲಿಗೆಯಲ್ಲಿ ನಾಲ್ಕು ಮೊಗ್ಗನ್ನೇ ನುಂಗಿಹಾಕಿತ್ತು.

ಎಲ್ಲಕ್ಕಿಂತ ಚೆನ್ನಾಗಿ ಬಂದ 50 ಎಂಎಂ ಫೋಟೋ ಪ್ರಿಂಟ್ ಹಾಕಿಸಿ ಅಕ್ಕನಿಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. "ಏನವ್ವ, ಬರೀ ಮುಖ ಹೊಡ್ಕೊಂಡಿದ್ದೀಯ. ನನ್ ಹೂ ಎಲ್ಲೋಯ್ತು?"

ಹೌದಲ್ಲ! ಹಿಂದೆ ಸೇವಂತಿಗೆಯ ರಾಶಿ ಇತ್ತು, ಬಾಳೆನಾರಿನ ಕಟ್ಟು ಇತ್ತು. ಎಲ್ಲ ಕರಗಿ ಹಳದಿ ಹೊಗೆ ಆಗಿತ್ತು. ಅದನ್ನೇ ನಾನು ಅಂದ ಅಂತ ಹೊಗಳಿಕೊಂಡಿದ್ದೆ. ಆ ಮುಖ ಯಾವ ಊರಿನ ಯಾವ ಮೂಲೆಯದ್ದಾದರೂ ಆಗಬಹುದಿತ್ತು. ಮತ್ತೆ ಹೋಗಿ, ಬೈಸಿಕೊಂಡ ಕಿಟ್ ಲೆನ್ಸನ್ನೇ ಹಾಕಿ, 24ರ ಹತ್ತಿರ ಇಟ್ಟು, ಬೆಳಗ್ಗೆ ಬೆಳಕು ಅಡ್ಡಡ್ಡ ಬೀಳುವ ಹೊತ್ತಲ್ಲಿ ತೆಗೆದೆ. ಅಕ್ಕ, ಹೂ, ತಕ್ಕಡಿ, ನೀರು ಚಿಮುಕಿಸುವ ಚೊಂಬು, ಎಲ್ಲ ಬಂತು. ಪ್ರಾಜೆಕ್ಟಿಗೆ ಕೊಟ್ಟ ಹತ್ತರಲ್ಲಿ ಏಳು ಕಿಟ್ ಲೆನ್ಸಿನವೇ.

ವಿಡಿಯೊಗೆ ಮದ್ದೂರು ಕಡೆಯ ದೊಡ್ಡಪ್ಪನ ಊರಿಗೆ ಹೋದೆ. ಅವರದ್ದು ಆಲೆಮನೆ. ಇಲ್ಲಿ ಲೆಕ್ಕವೇ ಬೇರೆ. ಪಾಕ ಹದಕ್ಕೆ ಬಂತಾ ಅಂತ ದೊಡ್ಡಪ್ಪ ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ನೋಡಿದ ಮೇಲೆ ಯಾರಿಗೂ ಕಾಯಲ್ಲ, ಕೊಪ್ಪರಿಗೆ ಎತ್ತಿಬಿಡುತ್ತಾರೆ. "ಇನ್ನೊಂದ್ಸಲ ಮಾಡಿ ದೊಡ್ಡಪ್ಪ" ಅನ್ನೋಕಾಗುತ್ತಾ? 50 ಎಂಎಂ ಹಾಕಿಕೊಂಡಿದ್ದಾಗ ಬೆರಳು ಬಂತು, ಮುಖ ತಪ್ಪಿಹೋಯಿತು. ಹಿಂದಕ್ಕೆ ಸರಿಯೋಣ ಅಂದರೆ ಬೆನ್ನಿಗೆ ಗೋಡೆ. ಅದರಲ್ಲಿ ಕೈ ನಡುಕ ತಡೆಯೋ ಸ್ಟೆಬಿಲೈಸರ್ ಬೇರೆ ಇಲ್ಲ, ಕೈಯಲ್ಲಿ ಹಿಡಿದ ಶಾಟ್‌ಗಳು ಎತ್ತಿನ ಗಾಡಿಯಲ್ಲಿ ಕೂತು ತೆಗೆದ ಹಾಗಿದ್ದವು. ಮುಂದಿನ ಕೊಪ್ಪರಿಗೆಗೆ ಕಿಟ್ ಲೆನ್ಸ್. ಒಂದೇ ಕಡೆ ನಿಂತು, ಜೂಮ್ ಮಾಡಿ ಅಗಲ ನೋಟದಿಂದ ಬೆರಳಿಗೆ ಹೋದೆ.

ನಡೆದಾಡುವ ಶಾಟ್‌ಗಳಲ್ಲಿ ಫೋನು ಎರಡನ್ನೂ ಮೀರಿಸಿತು, ಅಷ್ಟು ಸ್ಥಿರ. ಆದರೆ ಒಲೆಯ ಬಾಯಿ ಹತ್ತಿರ ಹತ್ತು ನಿಮಿಷ ಹಿಡಿದಿದ್ದಕ್ಕೆ ಬಿಸಿಯಾಗಿ ಕ್ಯಾಮೆರಾ ತಾನೇ ಬಂದ್ ಆಯಿತು. ಸಂಜೆ ಬಲ್ಬಿನ ಬೆಳಕಲ್ಲಿ ಇನ್ನೊಂದು ತರಲೆ, ಪರದೆ ಮೇಲೆ ಕಪ್ಪು ಪಟ್ಟೆ ಓಡಾಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡ್ ಇಟ್ಟ ಮೇಲೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಕ್ಕಿ ಪಟ್ಟೆ ಹೋಯಿತು. ಇದು ಮೂರಕ್ಕೂ ಒಂದೇ.

ಉಳಿದದ್ದು ಸದ್ದು. ಕ್ಯಾಮೆರಾದ ಮೈಕಿನಲ್ಲಿ ದೊಡ್ಡಪ್ಪನ ಮಾತಿಗಿಂತ ಗಾಣದ್ದೇ ಜೋರು. ಕಾಲರ್ ಮೈಕ್ ಹಾಕೋಣ ಅಂದರೆ ಅವರು ಹಾಕಿದ್ದು ಬನಿಯನ್ನು, ಹೆಗಲ ಮೇಲೆ ಟವೆಲ್. ಟವೆಲ್ಲಿಗೇ ಸಿಕ್ಕಿಸಿದೆ. ಬೆವರು ಒರೆಸಿದಾಗಲೆಲ್ಲ ಕಿವಿಗೆ ಗರಗಸ! ಕೊನೆಗೆ ಒಂದು ಅಂಗಿ ಹಾಕಿಸಿ, ಮೈಕನ್ನು ಗುಂಡಿ ಪಟ್ಟಿಯ ಒಳಗೆ ಸಿಕ್ಕಿಸಿ, ಅದರ ವೈರನ್ನು ಅವರ ಜೇಬಿನಲ್ಲಿದ್ದ ಫೋನಿಗೆ ಚುಚ್ಚಿ, ಚಪ್ಪಾಳೆ ತಟ್ಟಿ ಶುರು ಮಾಡಿದೆ. ಎಡಿಟಿಂಗ್‌ನಲ್ಲಿ ಆ ಚಪ್ಪಾಳೆ ಹಿಡಿದು ವಿಡಿಯೊ, ಫೋನಿನ ಸದ್ದು ಎರಡನ್ನೂ ಜೋಡಿಸಿದೆ, ಉಳಿದ ಗದ್ದಲವನ್ನೂ ತೊಳೆದೆ. ಮಾತು ಒಳ್ಳೆ ರೇಡಿಯೊ ತರಹ ಬಂತು.

ಹೆಮ್ಮೆಯಿಂದ ದೊಡ್ಡಪ್ಪನಿಗೆ ತೋರಿಸಿದೆ. ಪೂರ್ತಿ ನೋಡಿದರು. "ಚೆನ್ನಾಗೈತೆ ಕಣವ್ವ. ಆದ್ರೆ ಗಾಣ ಯಾಕ್ ನಿಲ್ಸ್ಬುಟ್ಟೆ?"

ನಗು ಬಂತು, ಹೂವಿನ ಅಕ್ಕ ನೆನಪಾದರು. ಅಳಿಸಲು ಹೊರಟಿದ್ದ ಕ್ಯಾಮೆರಾ ಮೈಕಿನ ಟ್ರ್ಯಾಕನ್ನು ಮತ್ತೆ ಎಳೆದುಕೊಂಡು ಮಾತಿನ ಅಡಿಯಲ್ಲಿ ಮೆಲ್ಲಗೆ ಹಾಕಿದೆ. ಈಗ ದೊಡ್ಡಪ್ಪ ಮಾತು ನಿಲ್ಲಿಸಿ ಪಾಕದ ಹನಿ ನೀರಿಗೆ ಬಿಡುವಾಗ, ಹಿಂದೆ ಗಾಣ ತಿರುಗುತ್ತಿರುತ್ತದೆ.